‘ಅದು’ ಎನ್ನುತ್ತಿದ್ದ ಮಗು ‘ಅವಳು’ ಎಂದಾಗ

ಮಕ್ಕಳ ಕಲಿಕೆಯ ತಂತ್ರಾಂಶಗಳನ್ನು ರೂಪಿಸುವಾಗ ನಾನು ತಪ್ಪದೆ ಮಾಡುವ ಕೆಲಸವೆಂದರೆ, ಅರ್ಧ ಸಿದ್ಧವಾದ ಆವೃತ್ತಿಯನ್ನು ಮಕ್ಕಳ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡುವುದು. ಒಮ್ಮೆ ಕೂಡುವ ಲೆಕ್ಕದ ಆಟವೊಂದರಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಮೂರನೆಯ ಸಲ ತಪ್ಪು ಉತ್ತರ ಒತ್ತಿದಳು. ಪರದೆಯ ಮೂಲೆಯಲ್ಲಿದ್ದ ಅಳಿಲು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಿತು. ಕೆಂಪು ಗುರುತಿಗಿಂತ ಇದು ಮೃದುವಾದ ಸೂಚನೆಯೆಂದು ನಾವು ಭಾವಿಸಿದ್ದೆವು. ಹುಡುಗಿ ಉತ್ತರ ತಿದ್ದಲು ಹೋಗಲಿಲ್ಲ. ಅಂಗೈಯಿಂದ ಅಳಿಲನ್ನು ಮರೆಮಾಡಿ, “ಅವಳಿಗೆ ಬೇಜಾರಾಯ್ತು, ನಾನು ಆಡಲ್ಲ” ಎಂದಳು. ಅಲ್ಲಿಯವರೆಗೆ ಆಕೆಯ ಬಾಯಲ್ಲಿ ಅಳಿಲು ‘ಅದು’ ಆಗಿತ್ತು. ಅದಕ್ಕೆ ಜೀವ ಇದೆಯೇ ಎಂದು ಕೇಳಿದೆ. “ಇಲ್ಲ, ಚಾರ್ಜ್ ಹೋದ್ರೆ ಆಫ್ ಆಗತ್ತಲ್ಲ” ಎಂದು, ಇಷ್ಟೂ ತಿಳಿಯದವರನ್ನು ನೋಡುವಂತೆ ನನ್ನನ್ನು ನೋಡಿದಳು.

ಎರಡು ಮಾತೂ ಒಂದೇ ನಿಮಿಷದಲ್ಲಿ ಬಂದವು. ಯಂತ್ರ ಯಾವುದು, ಜೀವಿ ಯಾವುದು ಎಂದು ಗೊತ್ತಿಲ್ಲದ್ದರಿಂದ ಮಕ್ಕಳು ಹೀಗೆ ವರ್ತಿಸುತ್ತಾರೆ, ಗೊತ್ತಾದ ಮೇಲೆ ಸರಿಹೋಗುತ್ತದೆ ಎಂಬುದು ಹಿರಿಯರ ಸಾಮಾನ್ಯ ವಿವರಣೆ. ಚಿಕ್ಕ ಮಕ್ಕಳು ಸೂರ್ಯ, ಮೋಡಗಳಂಥ ಚಲಿಸುವ ವಸ್ತುಗಳಿಗೂ ಜೀವ ಹಚ್ಚುತ್ತಾರೆಂದು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಬರೆದದ್ದು ಈ ವಿವರಣೆಗೆ ಬಲ ಕೊಟ್ಟಂತೆ ತೋರುತ್ತದೆ. ಆದರೆ ಗೊತ್ತಿರುವವರ ವರ್ತನೆಯನ್ನು ನೋಡಿದರೆ ಅದು ಸಾಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಲಿಫರ್ಡ್ ನಾಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ವಯಸ್ಕರಿಗೆ ಒಂದು ಕಂಪ್ಯೂಟರಿನಿಂದ ಪಾಠ ಹೇಳಿಸಿ, ಅದರ ಕೆಲಸ ಹೇಗಿತ್ತೆಂದು ಕೇಳಿದರು. ಪಾಠ ಹೇಳಿದ ಕಂಪ್ಯೂಟರೇ ಪ್ರಶ್ನೆ ಕೇಳಿದಾಗ ಬಂದ ಅಭಿಪ್ರಾಯ, ಬೇರೊಂದು ಕಂಪ್ಯೂಟರಿನಲ್ಲೋ ಕಾಗದದ ಮೇಲೋ ಕೊಟ್ಟ ಅಭಿಪ್ರಾಯಕ್ಕಿಂತ ಹೆಚ್ಚು ಅನುಕೂಲಕರವಾಗಿತ್ತು. ಅಂದರೆ, ಎದುರಿಗೇ ಕೂತವರ ಮುಖ ಮುರಿಯುವಂತೆ ಮಾತಾಡಬಾರದೆಂಬ ದಾಕ್ಷಿಣ್ಯ ಯಂತ್ರಕ್ಕೂ ಸಂದಿತ್ತು. ಅವರಲ್ಲಿ ಯಾರೂ ಕಂಪ್ಯೂಟರಿಗೆ ಮನಸ್ಸಿದೆ ಎಂದು ನಂಬಿದವರಲ್ಲ.

ಮಕ್ಕಳ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಮತ್ತು ಸಹಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ. 9, 12 ಮತ್ತು 15 ವರ್ಷದ ಒಟ್ಟು 90 ಮಕ್ಕಳು ‘ರೋಬೋವಿ’ ಎಂಬ ರೋಬಾಟ್ ಜೊತೆ ಮಾತಾಡಿ ಆಡಿದರು. ರೋಬಾಟನ್ನು ಮರೆಯಲ್ಲಿ ಕೂತ ಮನುಷ್ಯರು ನಡೆಸುತ್ತಿದ್ದರೆಂಬುದು ಮಕ್ಕಳಿಗೆ ತಿಳಿದಿರಲಿಲ್ಲ. ಆಟದ ನಡುವೆ ಸಂಶೋಧಕರೊಬ್ಬರು ಬಂದು ರೋಬಾಟನ್ನು ಕಪಾಟುಕೋಣೆಗೆ ಹೋಗೆಂದರು. ಇದು ಅನ್ಯಾಯ, ಅಲ್ಲಿ ಕತ್ತಲು, ನನಗೆ ಭಯ ಎಂದು ಅದು ಪ್ರತಿಭಟಿಸಿತು. ಹಾಗೆ ಮಾಡಿದ್ದು ಸರಿಯಲ್ಲವೆಂದವರು ಅರ್ಧಕ್ಕಿಂತ ಹೆಚ್ಚು ಮಕ್ಕಳು. ಆದರೆ ಅದೇ ರೋಬಾಟಿಗೆ ಸಂಬಳ ಕೊಡಬೇಕೇ, ಮತದಾನದ ಹಕ್ಕು ಬೇಕೇ ಎಂದಾಗ ಬಹುಪಾಲು ಮಕ್ಕಳು ಬೇಡವೆಂದರು. ವಸ್ತುವೂ ಅಲ್ಲದ, ಮನುಷ್ಯನೂ ಅಲ್ಲದ ಒಂದು ನಡುಜಾಗವನ್ನು ಮಕ್ಕಳು ತಾವೇ ಕಟ್ಟಿಕೊಂಡಿದ್ದರು. ದೊಡ್ಡವರ ಭಾಷೆಯಲ್ಲಿ ಆ ಜಾಗಕ್ಕೆ ಹೆಸರಿಲ್ಲದಿರುವುದು ಮಕ್ಕಳ ತಪ್ಪಲ್ಲ.

ಈ ನಡುಜಾಗದಲ್ಲಿ ಪ್ರಭಾವವೂ ಕೆಲಸ ಮಾಡುತ್ತದೆ. 2018ರಲ್ಲಿ ಅನ್ನಾ-ಲೀಸಾ ಫೋಲ್ಮರ್ ಮತ್ತು ಸಂಗಡಿಗರು ಗೆರೆಗಳ ಉದ್ದ ಹೋಲಿಸುವ ಸರಳ ಪರೀಕ್ಷೆಯಲ್ಲಿ ಪುಟ್ಟ ರೋಬಾಟ್‌ಗಳ ಗುಂಪಿನಿಂದ ತಪ್ಪು ಉತ್ತರ ಹೇಳಿಸಿದರು. ವಯಸ್ಕರು ಅದಕ್ಕೆ ಸೊಪ್ಪು ಹಾಕಲಿಲ್ಲ. ಏಳರಿಂದ ಒಂಬತ್ತು ವರ್ಷದ ಮಕ್ಕಳು ಮಾತ್ರ, ಕಣ್ಣಿಗೆ ಕಾಣುವ ಗೆರೆಯನ್ನು ಬಿಟ್ಟು, ಹಲವು ಸಲ ರೋಬಾಟ್‌ಗಳ ಮಾತಿಗೆ ತಲೆಯಾಡಿಸಿದರು.

ಹೀಗಿರುವಾಗ ಪರದೆಯ ಒಂದೊಂದು ವಾಕ್ಯವೂ ಯಾರೋ ಆಡಿದ ಮಾತಾಗಿ ಮಗುವಿಗೆ ಕೇಳಿಸುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಆಯ್ಕೆಯಿದೆ: ‘ಒತ್ತು’ ಎನ್ನಬೇಕೋ, ‘ಒತ್ತಿರಿ’ ಎನ್ನಬೇಕೋ? ‘ಒತ್ತಿರಿ’ ಎಂದರೆ ಅರ್ಜಿ ನಮೂನೆ ಮಾತಾಡಿದಂತಾಗುತ್ತದೆ, ‘ಒತ್ತು’ ಎಂದರೆ ಧ್ವನಿಯ ಏರಿಳಿತ ಸ್ವಲ್ಪ ತಪ್ಪಿದರೂ ಗದರಿದಂತಾಗುತ್ತದೆ. ನಾನು ಈಗ ಹೆಚ್ಚಾಗಿ ‘ಒತ್ತೋಣ’, ‘ಎಣಿಸೋಣ’ ಎಂದು ಬರೆಯುತ್ತೇನೆ. ಜೊತೆಗೆ ಕೂತವರ ದನಿ ಅದರಲ್ಲಿದೆ. ದೋಷ ಸೂಚನೆಗಳಲ್ಲಂತೂ ಕರ್ತೃಪದ ಯಾವುದೆಂದು ಎರಡೆರಡು ಬಾರಿ ನೋಡಬೇಕು. ಸಂಪರ್ಕ ಕಡಿದಾಗ ‘ನೀನು ಏನೋ ತಪ್ಪು ಮಾಡಿದೆ’ ಎಂಬ ಅರ್ಥ ಬರುವ ವಾಕ್ಯ ಕಂಡರೆ ಮಗು ಅದನ್ನು ನಂಬಿಬಿಡುತ್ತದೆ, ಮುಂದಿನ ಸಲ ಆ ಗುಂಡಿಯ ಹತ್ತಿರ ಬೆರಳನ್ನೇ ಒಯ್ಯುವುದಿಲ್ಲ. 2018ರಲ್ಲಿ ಅಮೆಜಾನ್ ಮತ್ತು ಗೂಗಲ್ ತಮ್ಮ ಧ್ವನಿ ಸಹಾಯಕಗಳಲ್ಲಿ, ‘ದಯವಿಟ್ಟು’ ಎಂದು ಕೇಳಿದ ಮಕ್ಕಳನ್ನು ಮೆಚ್ಚುವ ಸೌಲಭ್ಯ ತಂದವು. ವಿನಯ ಕಲಿಸಲು ಯಂತ್ರ ಸರಿಯಾದ ಗುರುವೇ ಎಂಬ ಬಗ್ಗೆ ನನಗೆ ಅನುಮಾನವಿದೆ.

ಪರದೆಯ ಪಾತ್ರಗಳ ಮೇಲೆ ಮಕ್ಕಳಿಗಿರುವ ಸ್ನೇಹಭಾವವನ್ನು ಮಾರಾಟಕ್ಕೆ ಬಳಸುವವರ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಸಿಟ್ಟಿದೆ. ಪುಟ್ಟ ಮಕ್ಕಳ 135 ಆ್ಯಪ್‌ಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು ಅವುಗಳಲ್ಲಿ ಶೇ 95ರಷ್ಟರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತನ್ನು ಕಂಡಿತು. ಮಗು ಏನನ್ನೂ ಕೊಳ್ಳದೆ ಹಿಂದಿರುಗಿದರೆ ಪಾತ್ರ ಅಳುವ ಉದಾಹರಣೆಯೂ ಅದರಲ್ಲಿತ್ತು. ನಮ್ಮ ಅಳಿಲು ತಲೆ ತಗ್ಗಿಸಿದ್ದು ಅಜ್ಞಾನದಿಂದ. ಆ ಕಣ್ಣೀರು ಲೆಕ್ಕ ಹಾಕಿ ಸುರಿಸಿದ್ದು.

ಪರೀಕ್ಷಿಸುವ ಕ್ರಮವೂ ಇದರಿಂದ ಬದಲಾಗಬೇಕಾಗುತ್ತದೆ. ಅಳುಮುಖದಿಂದ ನಗುಮುಖದವರೆಗೆ ಐದು ಮುಖಗಳನ್ನು ತೋರಿಸಿ ಅಭಿಪ್ರಾಯ ಕೇಳಿದರೆ ಚಿಕ್ಕ ಮಕ್ಕಳು ಬಹುತೇಕ ಅತ್ಯಂತ ನಗುವ ಮುಖವನ್ನೇ ಆರಿಸುತ್ತಾರೆಂದು ಆ ಅಳತೆಯನ್ನು ರೂಪಿಸಿದ ಜಾನೆಟ್ ರೀಡ್ ಮತ್ತು ಸಹೋದ್ಯೋಗಿಗಳೇ ಗುರುತಿಸಿದ್ದಾರೆ. ಅಳಿಲಿಗೂ ನೋವಾಗಬಾರದು, ಪಕ್ಕದಲ್ಲಿ ಕೂತ ನನಗೂ ನೋವಾಗಬಾರದು. ಆದ್ದರಿಂದ ಟ್ಯಾಬ್ಲೆಟ್ಟನ್ನು ಆಚೆ ಇಟ್ಟ ಮೇಲೆ, ಅದನ್ನು ತಯಾರಿಸದ ಇನ್ನೊಬ್ಬರು, ‘ಹೇಗಿತ್ತು’ ಎನ್ನುವ ಬದಲು ‘ಮತ್ತೊಮ್ಮೆ ಆಡ್ತೀಯಾ’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇವೆ.

ಅಳಿಲನ್ನು ತಿದ್ದಿದೆವು. ಉತ್ತರ ತಪ್ಪಾದಾಗ ಅದು ಮಗುವಿನತ್ತ ನೋಡದೆ, ಲೆಕ್ಕದ ಮಣಿಗಳ ಕಡೆ ತಿರುಗಿ ಮೊದಲಿನಿಂದ ಎಣಿಸತೊಡಗುತ್ತದೆ; ಮಕ್ಕಳೂ ಜೊತೆಗೆ ಎಣಿಸುತ್ತಾರೆ. ಆಟ ಮುಗಿದಾಗ ಅದು ಸುತ್ತಿಕೊಂಡು ಮಲಗುವಂತೆಯೂ ಮಾಡಿದ್ದೆವು, ‘ಇನ್ನೂ ಆಡು’ ಎಂದು ಒತ್ತಾಯಿಸುವುದಕ್ಕಿಂತ ಅದು ಲೇಸೆಂದು. ಮರುದಿನ ಏಳು ವರ್ಷದ ಹುಡುಗನೊಬ್ಬ ಟ್ಯಾಬ್ಲೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಯಾಕಪ್ಪ ಎಂದರೆ, “ಮಲ್ಕೊಂಡಿದೆ, ಎಬ್ಬಿಸ್ಬಾರ್ದು” ಎಂದು ಪಿಸುಗುಟ್ಟಿದ. ಈಗ ಆಟ ಮುಗಿದ ಕೂಡಲೇ ಅಳಿಲು ಮರ ಹತ್ತಿ ಪರದೆಯಿಂದಾಚೆ ಹೋಗುತ್ತದೆ.