ಊಟ ಮತ್ತು ಇನ್ಸುಲಿನ್ ಜೊತೆ ತಪ್ಪಿದಾಗ: ಮಧುಮೇಹಿ ಬೆಕ್ಕಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಚೆಲುವ ಎಂಬ ಗಂಡು ಬೆಕ್ಕಿದೆ. ಭತ್ತದ ಪತ್ತಾಯದಲ್ಲಿ ಇಲಿ ಹೆಚ್ಚಾಗಿದೆಯೆಂದು ತಂದ ಮರಿ, ಈಗ ಹನ್ನೊಂದು ವರ್ಷದವನು. ಸಂತಾನಹರಣ ಆದವನು, ಒಂದು ಕಾಲಕ್ಕೆ ಏಳು ಕಿಲೋ ತೂಗುತ್ತಿದ್ದವನು. ಎರಡು ವರ್ಷದ ಹಿಂದೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಕಳೆದ ವರ್ಷ ಹಲ್ಲುಗಳ ಬುಡ ಕೊಳೆತು, ಮೈಸೂರಿಗೆ ಒಯ್ದು ಅರಿವಳಿಕೆ ಕೊಡಿಸಿ ನಾಲ್ಕು ಹಲ್ಲು ಕೀಳಿಸಬೇಕಾಯಿತು. ನಾನು ಪಶುವೈದ್ಯಕೀಯ ಓದುತ್ತಿರುವವಳು. ತರಗತಿಯಲ್ಲಿ ಬರೆದುಕೊಂಡದ್ದಕ್ಕೂ ಆ ಹದಿನೈದು ದಿನ ಮನೆಯಲ್ಲಿ ಕಂಡದ್ದಕ್ಕೂ ಇದ್ದ ಅಂತರ ನನ್ನನ್ನು ಬಹಳ ಕಾಡಿತು. ಜೊತೆಗೆ ಓದುತ್ತಿರುವವರಿಗೂ, ಮನೆಯಲ್ಲಿ ಇಂಥ ಬೆಕ್ಕನ್ನು ಸಾಕುತ್ತಿರುವವರಿಗೂ ಉಪಯೋಗವಾಗಲಿ ಎಂದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗೆ. ನಾಯಿಗಳಲ್ಲಿ ಇನ್ಸುಲಿನ್ ತಯಾರಿಕೆಯೇ ಬಹುತೇಕ ನಿಂತುಹೋಗಿರುತ್ತದೆ. ಬೆಕ್ಕಿನ ಮಧುಮೇಹ ಹೆಚ್ಚಾಗಿ ಮನುಷ್ಯರ ಎರಡನೆಯ ಬಗೆಯದನ್ನು ಹೋಲುತ್ತದೆ: ಮೈ ಇನ್ಸುಲಿನ್‌ನ ಮಾತು ಕೇಳುವುದಿಲ್ಲ, ಮೇದೋಜ್ಜೀರಕ ಗ್ರಂಥಿಯಲ್ಲಿ ಅದನ್ನು ತಯಾರಿಸುವ ಬೀಟಾ ಕೋಶಗಳು ದುಡಿದು ದಣಿಯುತ್ತವೆ, ಅವುಗಳ ಸುತ್ತ ಅಮಿಲಾಯ್ಡ್ ಎಂಬ ಪ್ರೋಟೀನು ಕಟ್ಟಿಕೊಳ್ಳುತ್ತದೆ. ಬೊಜ್ಜು, ವಯಸ್ಸು, ಸಂತಾನಹರಣವಾದ ಗಂಡಾಗಿರುವುದು, ಸ್ಟಿರಾಯ್ಡ್ ಚುಚ್ಚುಮದ್ದು ಇವೆಲ್ಲ ಕಾಯಿಲೆಯತ್ತ ತಳ್ಳುತ್ತವೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 250ರಿಂದ 290 ಮಿಲಿಗ್ರಾಂ ದಾಟಿದಾಗ ಮೂತ್ರಕ್ಕೆ ಸಕ್ಕರೆ ಇಳಿಯತೊಡಗುತ್ತದೆ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಚೆಲುವ ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕತೊಡಗಿದ್ದು ಆಗಲೇ. ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುತ್ತಿದ್ದ. ಅದು ಮುಪ್ಪಲ್ಲ, ಸಕ್ಕರೆಯಿಂದ ನರಗಳಿಗೆ ಆದ ಹಾನಿ ಎಂದು ನಮಗೆ ತಡವಾಗಿ ತಿಳಿಯಿತು.

ಈಗ ಮುಖ್ಯ ವಿಷಯ. ಇನ್ಸುಲಿನ್ ಪಡೆಯುವ ಬೆಕ್ಕಿನ ದಿನಚರಿ ಒಂದು ಜೋಡೆತ್ತಿನ ಗಾಡಿ. ಒಂದು ಎತ್ತು ಊಟ, ಇನ್ನೊಂದು ಇನ್ಸುಲಿನ್. ಹನ್ನೆರಡು ಗಂಟೆಗೊಮ್ಮೆ ಎರಡೂ ಒಟ್ಟಿಗೆ ಹೆಜ್ಜೆ ಇಡುವವರೆಗೆ ಗಾಡಿ ಸಾಗುತ್ತದೆ. ಶಸ್ತ್ರಚಿಕಿತ್ಸೆ ಈ ಜೋಡಿಯನ್ನು ಬಿಚ್ಚುತ್ತದೆ. ಅರಿವಳಿಕೆಗಾಗಿ ಹೊಟ್ಟೆ ಖಾಲಿ ಇಡಬೇಕು, ಆದರೆ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಎಂಬ ಹುಳಿ ವಸ್ತು ವಿಷವಾಗುವಷ್ಟು ಏರುತ್ತದೆ. ಪೂರ್ತಿ ಕೊಟ್ಟರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಇದರ ಮೇಲೆ ನೋವು ಮತ್ತು ಭಯದಿಂದ ಹೊಮ್ಮುವ ಕಾರ್ಟಿಸಾಲ್, ಅಡ್ರಿನಲಿನ್‌ಗಳು ಸಕ್ಕರೆಯನ್ನು ಮೇಲಕ್ಕೆ ಜಗ್ಗುತ್ತವೆ. ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ನಾವು ಮಾಡುವ ಆರೈಕೆಯೆಲ್ಲ ಈ ಎರಡು ಎತ್ತುಗಳನ್ನು ಮತ್ತೆ ನೊಗಕ್ಕೆ ತರುವ ಕೆಲಸ.

ಮೊದಲಿನ ವಾರಗಳು

ಕಾಯಬಹುದಾದ ಶಸ್ತ್ರಚಿಕಿತ್ಸೆಯಾದರೆ ಸಕ್ಕರೆ ಹತೋಟಿಗೆ ಬರುವವರೆಗೆ ಕಾಯುವುದೇ ಸರಿ. ಮೂತ್ರದಲ್ಲಿ ಕೀಟೋನ್ ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ. ಆದರೆ ಸಕ್ಕರೆ ಇಳಿಯಲಿ, ಆಮೇಲೆ ಹಲ್ಲು ಕೀಳೋಣ ಎಂದು ತಿಂಗಳುಗಟ್ಟಲೆ ಮುಂದೂಡುವುದನ್ನು ನಾನು ಒಪ್ಪುವುದಿಲ್ಲ. ಬಾಯಿಯ ಸೋಂಕೇ ಇನ್ಸುಲಿನ್‌ನ ಕೈ ಕಟ್ಟಿಹಾಕಿರುತ್ತದೆ. ಕೊಳೆತ ಹಲ್ಲು ಇರುವಷ್ಟು ದಿನ ಸಕ್ಕರೆ ಪೂರ್ತಿ ಇಳಿಯುವುದೂ ಇಲ್ಲ. ಚೆಲುವನಿಗೆ ಎರಡು ಬಾರಿ ಡೋಸ್ ಏರಿಸಿದರೂ ಸಕ್ಕರೆ 300ರ ಕೆಳಗೆ ನಿಲ್ಲದಿದ್ದಾಗ ವೈದ್ಯರು ಬಾಯಿ ತೆರೆದು ನೋಡಿದರು, ಕಾರಣ ಅಲ್ಲೇ ಕುಳಿತಿತ್ತು.

ಆಸ್ಪತ್ರೆಯ ಮೇಜಿನ ಮೇಲೆ ತೆಗೆದ ಒಂದೇ ಒಂದು ಸಕ್ಕರೆ ಅಂಕಿಯನ್ನು ನಂಬಬೇಡಿ. ಹೆದರಿದ ಬೆಕ್ಕಿನ ಸಕ್ಕರೆ, ಮಧುಮೇಹ ಇಲ್ಲದಿದ್ದರೂ, 300ರ ಗಡಿಗೆ ಏರಬಲ್ಲದು. ಅದಕ್ಕೇ ಫ್ರಕ್ಟೋಸಮೈನ್ ಪರೀಕ್ಷೆ. ಅದು ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ಹೇಳುತ್ತದೆ. ಜೊತೆಗೆ ಮೂತ್ರಪಿಂಡ, ಯಕೃತ್ತು, ಪೊಟ್ಯಾಸಿಯಂ ಪರೀಕ್ಷೆಗಳಾಗಬೇಕು. ಮನೆಯಲ್ಲಿ ಕಿವಿಯಂಚಿನ ರಕ್ತನಾಳದಿಂದ ಒಂದು ಹನಿ ತೆಗೆದು ನೋಡುವುದನ್ನು ಶಸ್ತ್ರಚಿಕಿತ್ಸೆಗೆ ಬಹಳ ಮೊದಲೇ ಕಲಿತಿರಬೇಕು. ಮಡಿಕೇರಿಯ ಚಳಿಯಲ್ಲಿ ಕಿವಿ ತಣ್ಣಗಿದ್ದು ರಕ್ತವೇ ಬರುವುದಿಲ್ಲ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಹಿಡಿದರೆ ಬರುತ್ತದೆ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಒಂದೇ ಯಂತ್ರವನ್ನು ಬಳಸಿ, ಅಂಕಿ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಗಮನಿಸಿ.

ಹಿಂದೆ ಯಾವುದಾದರೂ ಚರ್ಮದ ತುರಿಕೆಗೆ ದೀರ್ಘಕಾಲದ ಸ್ಟಿರಾಯ್ಡ್ ಚುಚ್ಚಿಸಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇನ್ಸುಲಿನ್ ಬದಲು ಬಾಯಿಯ ಮೂಲಕ ಕೊಡುವ ಬೆಕ್ಸಾಗ್ಲಿಫ್ಲೋಜಿನ್‌ನಂಥ ಔಷಧ ನಡೆಯುತ್ತಿದ್ದರೆ ಅದನ್ನು ಯಾವಾಗ ನಿಲ್ಲಿಸಬೇಕೆಂದು ದಿನಗಳ ಮುಂಚೆಯೇ ಕೇಳಿಕೊಳ್ಳಬೇಕು. ಆ ಔಷಧದಲ್ಲಿರುವ ಬೆಕ್ಕು ಉಪವಾಸವಿದ್ದರೆ ಸಕ್ಕರೆ ಸಹಜವಾಗಿ ಕಾಣುತ್ತಿರುವಾಗಲೇ ಕೀಟೋನ್ ವಿಷವೇರಬಹುದು.

ಸಿರಿಂಜಿನ ಲೆಕ್ಕ

ಈ ಭಾಗವನ್ನು ಎರಡು ಸಲ ಓದಿ. ನಮ್ಮ ಔಷಧದಂಗಡಿಗಳಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜುಗಳೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಗ್ಲಾರ್ಜಿನ್ ಎಂಬ, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ 100ರ ಸೀಸೆಯಲ್ಲಿ ಬರುವಂಥದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಎರಡು ಯೂನಿಟ್ ಅಲ್ಲ, ಐದು. ಎರಡೂವರೆ ಪಟ್ಟು. ನಾಲ್ಕೈದು ಕಿಲೋ ತೂಕದ, ಅರೆಹೊಟ್ಟೆಯ ಬೆಕ್ಕಿಗೆ ಇದು ಪ್ರಾಣಾಪಾಯದ ಡೋಸ್. ತಿರುಗುಮುರುಗಾದರೆ, ಅಂದರೆ 40ರ ಇನ್ಸುಲಿನನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ, ಎರಡರ ಗೆರೆಗೆ 0.8 ಯೂನಿಟ್ ಮಾತ್ರ ಹೋಗುತ್ತದೆ.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಈ ತಪ್ಪು ಆಗುವ ಸಾಧ್ಯತೆ ಹೆಚ್ಚು. ಪರ ಊರಿನಲ್ಲಿರುತ್ತೇವೆ, ಸಿರಿಂಜು ಮುಗಿದಿರುತ್ತದೆ, ರಾತ್ರಿ ಯಾವುದೋ ಅಂಗಡಿಯಲ್ಲಿ ಕೊಳ್ಳುತ್ತೇವೆ. ಸೀಸೆಗೂ ಸಿರಿಂಜಿನ ಪೊಟ್ಟಣಕ್ಕೂ ಒಂದೇ ಬಣ್ಣದ ದಾರ ಕಟ್ಟಿ ಒಂದೇ ಡಬ್ಬಿಯಲ್ಲಿಡುವುದು ನನ್ನ ಅಮ್ಮನ ಉಪಾಯ. ನನ್ನ ಪಠ್ಯದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಆ ದಿನದ ಬೆಳಗ್ಗೆ

ಆರೋಗ್ಯವಂತ ಬೆಕ್ಕಿಗೆ ಅರಿವಳಿಕೆಗೆ ಮೊದಲು ನಾಲ್ಕರಿಂದ ಆರು ಗಂಟೆ ಉಪವಾಸ. ಮಧುಮೇಹಿಗೆ ಈಗ ಹೇಳುವ ಕ್ರಮ ಬೇರೆ: ಎರಡರಿಂದ ನಾಲ್ಕು ಗಂಟೆ ಮೊದಲು ಅರ್ಧ ಊಟ, ಅದರೊಂದಿಗೆ ಅರ್ಧ ಡೋಸ್ ಇನ್ಸುಲಿನ್, ದಿನದ ಮೊದಲ ಶಸ್ತ್ರಚಿಕಿತ್ಸೆಯೇ ಇವನದು. ಬೆಕ್ಕಿನ ಆ ದಿನದ ಸಕ್ಕರೆ ನೋಡಿ ವೈದ್ಯರು ಇದನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ನೀರನ್ನು ಮಾತ್ರ ತಡೆಯಬಾರದು.

ಈ ಕ್ರಮ ಆಸ್ಪತ್ರೆಯ ಪಕ್ಕದ ಬೀದಿಯಲ್ಲಿರುವವರಿಗೆ ಸುಲಭ. ನಮ್ಮದು ಬೆಟ್ಟದ ದಾರಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ನಮಗೆ ಇನ್ನೂ ಹೆಚ್ಚು. ಬೆಳಗಿನ ಐದಕ್ಕೆ ಅರ್ಧ ಊಟ, ಅರ್ಧ ಇನ್ಸುಲಿನ್ ಕೊಟ್ಟು ಹೊರಟೆವು. ಸುಂಟಿಕೊಪ್ಪ ಬರುವ ಹೊತ್ತಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸಿ ಚೆಲುವ ತಿಂದದ್ದನ್ನೆಲ್ಲ ಕಕ್ಕಿದ. ಊಟ ಹೊರಗೆ ಬಂತು, ಇನ್ಸುಲಿನ್ ಒಳಗೇ ಉಳಿಯಿತು. ಅಲ್ಲಿ ನೋಡಿದಾಗ ಸಕ್ಕರೆ 182. ಹುಣಸೂರಿನಲ್ಲಿ 118. ಮೈಸೂರಿನ ಹೊರವಲಯದಲ್ಲಿ 79, ಕತ್ತು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮನೆಯಿಂದ ತಂದಿದ್ದ ಜೇನಿನಲ್ಲಿ ಬೆರಳು ಅದ್ದಿ ಒಸಡಿಗೆ ಉಜ್ಜಿದೆ, ಕೈ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ಡೆಕ್ಸ್ಟ್ರೋಸ್ (ಸಕ್ಕರೆಯ ದ್ರಾವಣ) ಹಾಕಿ ಅವನನ್ನು ಸರಿಪಡಿಸಿದರು, ಹಲ್ಲು ಕೀಳುವುದನ್ನು ಮರುದಿನಕ್ಕೆ ಇಟ್ಟುಕೊಂಡರು.

ಕೊಡಗಿನಿಂದ ಹೋಗುವವರಿಗೆ ನನ್ನ ಕಳಕಳಿಯ ಮಾತು: ಹಿಂದಿನ ದಿನವೇ ಹೋಗಿ ಆ ಊರಿನಲ್ಲಿ ತಂಗಿ. ಬೆಳಗಿನ ಅರ್ಧ ಊಟ, ಅರ್ಧ ಇನ್ಸುಲಿನ್ ಅಲ್ಲೇ ಆಗಲಿ. ಕಾಯಬಹುದಾದ ಶಸ್ತ್ರಚಿಕಿತ್ಸೆಯನ್ನು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ತಿಂಗಳ, ಮಳೆಯಲ್ಲಿ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಮುಚ್ಚಿಹೋಗಿದ್ದನ್ನು ನಾವು ಯಾರೂ ಮರೆತಿಲ್ಲ. ಹೊಲಿಗೆ ಬಿಚ್ಚಿಕೊಂಡ ಬೆಕ್ಕಿನೊಂದಿಗೆ ದಾರಿ ಇಲ್ಲದ ಊರಿನಲ್ಲಿ ಸಿಕ್ಕಿಕೊಳ್ಳುವುದು ಬೇಡ.

ಶಸ್ತ್ರಚಿಕಿತ್ಸೆಯ ಕೋಣೆಯೊಳಗಿನದು ವೈದ್ಯರ ಕೆಲಸ, ಎರಡೇ ವಿಷಯ ಹೇಳುತ್ತೇನೆ. ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ ಸಕ್ಕರೆ ನೋಡುತ್ತಾರೆ, ಸುಮಾರು 150ರಿಂದ 250ರ ನಡುವೆ ಇರಿಸಲು ಯತ್ನಿಸುತ್ತಾರೆ, ಜಾರುತ್ತಿದ್ದರೆ ದ್ರವಕ್ಕೆ ಶೇಕಡ 2.5ರಿಂದ 5ರಷ್ಟು ಡೆಕ್ಸ್ಟ್ರೋಸ್ ಸೇರಿಸುತ್ತಾರೆ. ಸ್ವಲ್ಪ ಹೆಚ್ಚೇ ಇರಲಿ ಎನ್ನುವುದಕ್ಕೆ ಕಾರಣವಿದೆ: ಪ್ರಜ್ಞೆ ಇಲ್ಲದ ಬೆಕ್ಕು ಸಕ್ಕರೆ ಇಳಿದದ್ದನ್ನು ನಡುಗಿ ತೋರಿಸಲಾರದು. ಎರಡನೆಯದು, ಮಂಪರು ಬರಿಸಲು ಕೊಡುವ ಕ್ಸೈಲಜೀನ್‌ನಂಥ ಔಷಧಗಳು ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಬರುವುದನ್ನು ತಡೆಯುತ್ತವೆ. ಅವನ್ನು ಬಳಸಿದ ದಿನ ಸಕ್ಕರೆ ಏರಿರುತ್ತದೆ, ಮೂತ್ರವೂ ಹೆಚ್ಚು. ಅದನ್ನು ಕಂಡು ಗಾಬರಿಯಿಂದ ಮನೆಯಲ್ಲಿ ಹೆಚ್ಚುವರಿ ಇನ್ಸುಲಿನ್ ಚುಚ್ಚಬಾರದು.

ಮನೆಗೆ ಬಂದ ಮೇಲೆ

ಮೊದಲು ಬೆಚ್ಚಗಿಡಿ. ಅರಿವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ. ತಣ್ಣಗಿರುವ ಚರ್ಮದಡಿ ಚುಚ್ಚಿದ ಇನ್ಸುಲಿನ್ ಯಾವಾಗ ಹೀರಿಕೊಂಡೀತೆಂದು ಹೇಳಲಾಗದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು. ಒಲೆಯ ಬುಡದಲ್ಲಿ ಮಾತ್ರ ಮಲಗಿಸಬೇಡಿ, ಅರೆಪ್ರಜ್ಞೆಯ ಬೆಕ್ಕಿಗೆ ಸುಟ್ಟದ್ದು ತಿಳಿಯುವುದಿಲ್ಲ.

ಆಮೇಲೆ ಊಟ. ಪೂರ್ತಿ ಎಚ್ಚರವಾಗಿ ನುಂಗುವ ಶಕ್ತಿ ಬಂದೊಡನೆ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಬೇಕು. ತಿನ್ನಲಿ ಎಂಬ ಆಸೆಯಿಂದ ನಮ್ಮ ಮನೆಗಳಲ್ಲಿ ಪಂದಿಕರಿಯ (ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಹಂದಿಮಾಂಸದ ಸಾರು) ತುಂಡು ಇಡುತ್ತಾರೆ. ದಯವಿಟ್ಟು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಪ್ಪು ಹಾಕದೆ ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಮತ್ತಿ ಮೀನನ್ನು ಬೆರಳಿನ ಬಿಸಿಗೆ ತಂದು ಕೊಟ್ಟರೆ ವಾಸನೆಗೇ ಎದ್ದು ಬರುತ್ತದೆ. ಅನ್ನ ಬಿಡಿಸಿ ಪೂರ್ತಿ ಮಾಂಸಕ್ಕೆ ಬದಲಾಯಿಸುವುದು ಮಧುಮೇಹಿ ಬೆಕ್ಕಿಗೆ ಒಳ್ಳೆಯದೇ, ಆದರೆ ಆ ಬದಲಾವಣೆಯನ್ನು ಈ ವಾರದಲ್ಲಿ ಮಾಡಬೇಡಿ. ಪಿಷ್ಟ ಕಡಿಮೆಯಾದೊಡನೆ ಇನ್ಸುಲಿನ್‌ನ ಅಗತ್ಯವೂ ಇಳಿಯುತ್ತದೆ, ಎರಡು ಲೆಕ್ಕ ಒಟ್ಟಿಗೆ ಹಿಡಿಯುವುದು ಕಷ್ಟ.

ತಿಂದದ್ದನ್ನು ನೋಡಿದ ಮೇಲೆಯೇ ಇನ್ಸುಲಿನ್. ಎಂದಿನಷ್ಟು ತಿಂದರೆ ಎಂದಿನ ಡೋಸ್, ಅರ್ಧ ತಿಂದರೆ ಎಷ್ಟು, ಏನೂ ತಿನ್ನದಿದ್ದರೆ ಏನು ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಮೊಬೈಲ್ ಸಂಕೇತ ಸಿಗದಿರುವಾಗ ಆ ಚೀಟಿಯೇ ಗತಿ. ಇಡೀ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸ ಬಿದ್ದ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ತೂರಾಡುವುದು, ನಡುಕ, ಶೂನ್ಯ ನೋಟ, ಸೆಳೆತ ಇವು ಸಕ್ಕರೆ ಇಳಿದ ಲಕ್ಷಣಗಳು. 60ರ ಕೆಳಗಿನ ಅಂಕಿ ತುರ್ತು. ಜೇನನ್ನು ಒಸಡಿಗೆ ಸವರಿ, ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಚೇತರಿಸಿಕೊಂಡರೂ ವೈದ್ಯರಲ್ಲಿಗೆ ಹೋಗಲೇಬೇಕು, ಏಕೆಂದರೆ ಜೇನಿನ ಬಲ ಮುಗಿದ ಮೇಲೂ ಇನ್ಸುಲಿನ್ ಕೆಲಸ ಮಾಡುತ್ತಿರುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಅಪಾಯ ಕೀಟೋನ್: ವಾಂತಿ, ಮಂಕು, ಊಟ ಬೇಡವೆನ್ನುವುದು, ಉಸಿರಿಗೆ ಉಗುರುಬಣ್ಣ ಅಳಿಸುವ ದ್ರವದ ವಾಸನೆ. ಮೂತ್ರದ ಕೀಟೋನ್ ಪಟ್ಟಿ ಮನೆಯಲ್ಲಿರಲಿ.

ನೋವಿಗೆ ವೈದ್ಯರು ಕೊಟ್ಟದ್ದು ಮಾತ್ರ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಕಾಲು ಮಾತ್ರೆಯೂ ಬೇಡ. ಹೊಟ್ಟೆಯ ಮೇಲೆ ಹೊಲಿಗೆ ಇರುವ ಬೆಕ್ಕಾದರೆ ಅದನ್ನು ನೆಕ್ಕದಂತೆ ಕತ್ತಿಗೆ ಹಾಕಿದ ಕಾಲರ್ ತೆಗೆಯಬೇಡಿ, ತೋಟಕ್ಕೆ ಬಿಡಬೇಡಿ. ಸಕ್ಕರೆ ಹೆಚ್ಚಿರುವ ಮೈಯಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ, ನಮ್ಮ ಕಾಫಿ ತೋಟದ ಒದ್ದೆ ಮತ್ತು ಜಿಗಣೆ ಅದನ್ನು ಇನ್ನಷ್ಟು ಕೆಡಿಸುತ್ತವೆ.

ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೆ ಇನ್ಸುಲಿನ್ ಏನಾಗುತ್ತದೆ ಎಂದು ಹಲವರು ಕೇಳಿದ್ದಾರೆ. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಬಳಕೆಯಲ್ಲಿರುವ ಗ್ಲಾರ್ಜಿನ್ 30 ಡಿಗ್ರಿಯೊಳಗೆ 28 ದಿನ ತಾಳುತ್ತದೆ. ಕಕ್ಕಡದಲ್ಲಿ ನಮ್ಮ ಮನೆಗಳು ಅದಕ್ಕಿಂತ ಬಹಳ ತಂಪು. ಫ್ರಿಜ್ಜಿನ ಮಂಜುಗಡ್ಡೆಗೆ ತಗುಲಿ ಹೆಪ್ಪುಗಟ್ಟಿದ ಸೀಸೆ, ಏಪ್ರಿಲ್‌ನಲ್ಲಿ ನಿಲ್ಲಿಸಿದ ಕಾರಿನೊಳಗೆ ಕಾದ ಸೀಸೆ, ಇವೆರಡನ್ನು ಮಾತ್ರ ಎಸೆಯಲೇಬೇಕು.

ಕೊನೆಯದಾಗಿ, ಸೋಂಕು ಹೋದ ಮೇಲಿನ ಎರಡು ವಾರಗಳು. ಎಲ್ಲ ಸರಿಹೋಯಿತೆಂದು ಕಣ್ಣು ಸಡಿಲಿಸುವುದು ಆಗಲೇ. ಕಟ್ಟಿದ್ದ ಕೈ ಬಿಚ್ಚಿದಂತೆ ಅದೇ ಡೋಸ್ ಈಗ ಹೆಚ್ಚು ಕೆಲಸ ಮಾಡತೊಡಗುತ್ತದೆ. ಚೆಲುವನ ಒಂಬತ್ತನೆಯ ದಿನದ ಬೆಳಗಿನ ಅಂಕಿ, ಇನ್ಸುಲಿನ್ ಕೊಡುವ ಮೊದಲೇ, 128. ಅಂದು ಚುಚ್ಚದೆ ವೈದ್ಯರಿಗೆ ಕರೆ ಮಾಡಿದೆವು. ಮೂರು ಯೂನಿಟ್ಟಿನಲ್ಲಿದ್ದವನನ್ನು ಒಂದಕ್ಕೆ ಇಳಿಸಿದರು, ಎರಡು ಗಂಟೆಗೊಮ್ಮೆ ಹನ್ನೆರಡು ಗಂಟೆ ಸಕ್ಕರೆ ನೋಡಿ ಬರೆಯಲು ಹೇಳಿದರು. ಆ ಹಾಳೆ ಈಗಲೂ ಅಡುಗೆಮನೆಯ ಗೋಡೆಯಲ್ಲಿದೆ. ಅತಿ ಕೆಳಗಿನ ಅಂಕಿ 96, ಮಧ್ಯಾಹ್ನ ಎರಡಕ್ಕೆ. ಆ ಹೊತ್ತಿಗೆ ಅವನು ಅಕ್ಕಿಯ ಡಬ್ಬದ ಮೇಲೆ ಕುಳಿತು ಪತ್ತಾಯದತ್ತ ನೋಡುತ್ತಿದ್ದ.