ಬಿಸಿ ಸಾಸೇಜ್ ಸ್ಯಾಂಡ್‌ವಿಚ್‌ನೊಳಗೆ ನೀರಿನ ಲೆಕ್ಕ

ನ್ಯೂಯಾರ್ಕ್‌ನ ಮಲ್ಬೆರಿ ಬೀದಿಯಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಸಂತ ಜೆನ್ನಾರೋನ ಜಾತ್ರೆ ಸೇರುತ್ತದೆ. ನೇಪಲ್ಸ್‌ನಿಂದ ವಲಸೆ ಬಂದವರು 1926ರಲ್ಲಿ ಆರಂಭಿಸಿದ ಜಾತ್ರೆ ಇದು. ಅಲ್ಲಿ ಅಗಲವಾದ ಕಾವಲಿಗಳ ಮೇಲೆ ಸೋಂಪು ಹಾಕಿದ ಹಂದಿಮಾಂಸದ ಸಾಸೇಜ್, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಒಟ್ಟಿಗೆ ಹುರಿದು, ಉದ್ದನೆಯ ಬ್ರೆಡ್ ಸೀಳಿ ಅದರೊಳಗೆ ತುಂಬಿಕೊಡುತ್ತಾರೆ. ಒಂದು ತಿಂದರೆ ಊಟವೇ ಆಯಿತು.

ಮನೆಯಲ್ಲಿ ಮಾಡಲು ಹೊರಟರೆ ಇಷ್ಟು ಸರಳವಾದ ತಿನಿಸೂ ಕೈಕೊಡುತ್ತದೆ. ಸಾಸೇಜ್ ಒಡೆದು ಒಣಗುತ್ತದೆ, ತರಕಾರಿ ಹುರಿಯುವ ಬದಲು ಬೆಂದುಹೋಗುತ್ತದೆ, ಬ್ರೆಡ್ ತೊಯ್ದು ಮುದ್ದೆಯಾಗುತ್ತದೆ. ಮೂರಕ್ಕೂ ಮೂಲ ನೀರು. ಅದು ಸಾಸೇಜಿನ ಒಳಗೆ ಉಳಿಯಬೇಕು, ಹೊರಮೈಯಿಂದ ತೊಲಗಬೇಕು, ತರಕಾರಿಯಿಂದ ಒಂದಷ್ಟು ಹೋಗಬೇಕು, ಬ್ರೆಡ್ಡಿಗೆ ಮಾತ್ರ ಇಳಿಯಬಾರದು.

ಹಸಿ ಸಾಸೇಜ್ ಎಂದರೆ ಕೊಬ್ಬು ಬೆರೆಸಿದ ಕೈಮಾ, ಸುತ್ತಲೂ ತೆಳುವಾದ ಪೊರೆ. ಕೈಮಾದ ತೂಕದ ಶೇಕಡಾ 2ರಷ್ಟು ಉಪ್ಪು ಹಾಕಿ ನಾದಿದಾಗ ಮಾಂಸದ ಮಯೋಸಿನ್ ಎಂಬ ಪ್ರೋಟೀನ್ ಕರಗಿ ಹೊರಬರುತ್ತದೆ. ಬೆರಳಿಗೆ ಅಂಟಂಟಾಗುವುದು ಅದರಿಂದಲೇ. ಕಾವು ತಾಗಿದಾಗ ಈ ಪ್ರೋಟೀನ್ ಬಲೆಯಂತೆ ಹೆಣೆದುಕೊಂಡು ನೀರನ್ನೂ ಕೊಬ್ಬನ್ನೂ ಹಿಡಿದಿಡುತ್ತದೆ. ಆದರೆ ಕಾವು ಮಿತಿಮೀರಿದರೆ ಇದೇ ಬಲೆ ಬಿಗಿಯಾಗಿ ರಸವನ್ನು ಹೊರಗೆ ಹಿಂಡುತ್ತದೆ. ಪೊರೆಯಲ್ಲಿರುವ ಕೊಲಾಜೆನ್ ಕೂಡ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕುಗ್ಗತೊಡಗುತ್ತದೆ. ಕಾದು ಹೊಗೆಯಾಡುವ ಬಾಣಲೆಗೆ ಸಾಸೇಜ್ ಹಾಕಿದರೆ ಹೊರಗಿನ ಪೊರೆ ಕುಗ್ಗುತ್ತಿರುವಾಗಲೇ ಒಳಗೆ ಆವಿ ಉಬ್ಬುತ್ತದೆ. ಒಡೆಯದೆ ಇನ್ನೇನಾದೀತು?

ಹಾಗಾಗಿ ತಣ್ಣನೆಯ ಬಾಣಲೆಯಿಂದಲೇ ಶುರುಮಾಡಿ. ಸಾಸೇಜ್ ಜೋಡಿಸಿ, ಅರ್ಧ ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿಡಿ. ನೀರಿರುವಷ್ಟು ಹೊತ್ತು ತಳದ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಕಾವು ನಿಧಾನವಾಗಿ ನಡುವಿಗೆ ಇಳಿಯುತ್ತದೆ. ಫೋರ್ಕಿನಿಂದ ಚುಚ್ಚಬೇಡಿ, ಕಷ್ಟಪಟ್ಟು ಉಳಿಸಿಕೊಂಡ ರಸ ಆ ತೂತುಗಳಿಂದಲೇ ಸೋರಿಹೋಗುತ್ತದೆ.

ಬೆಂದಿದೆಯೇ ಎಂದು ಬಣ್ಣ ನೋಡಿ ತೀರ್ಮಾನಿಸುವುದು ಅಪಾಯ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕೈಮಾ ಮಾಡಿದಾಗ ಅವು ಒಳಗೆಲ್ಲ ಹರಡುತ್ತವೆ. ಆದ್ದರಿಂದ ಹಂದಿ ಅಥವಾ ದನದ ಮಾಂಸದ ಸಾಸೇಜ್ ನಡುವಿನಲ್ಲಿ 71 ಡಿಗ್ರಿ, ಕೋಳಿಯದಾದರೆ 74 ಡಿಗ್ರಿ ಮುಟ್ಟಲೇಬೇಕು. ಅಡುಗೆ ಥರ್ಮಾಮೀಟರನ್ನು ತುದಿಯಿಂದ ಉದ್ದಕ್ಕೆ ತೂರಿಸಿ ನೋಡಿ. ನಮ್ಮ ಅಂಗಡಿಗಳ ಫ್ರೀಜರಿನಲ್ಲಿ ಮೊದಲೇ ಬೇಯಿಸಿದ ಚಿಕನ್ ಸಾಸೇಜ್ ಕೂಡ ಸಿಗುತ್ತದೆ. ಪೊಟ್ಟಣದ ಮೇಲೆ ಹಾಗೆ ಬರೆದಿದ್ದರೆ ಒಳಗಿನವರೆಗೆ ಬಿಸಿಯಾಗಿ ಹೊರಗೆ ಕೆಂಪಗಾದರೆ ಸಾಕು.

ಈಗ ಮುಚ್ಚಳ ತೆಗೆಯಿರಿ. ಮೊದಲು ಗುಳಗುಳ ಸದ್ದು. ನೀರು ಆರಿದ ಕೂಡಲೇ ಅದು ಚಟಪಟ ಸದ್ದಾಗುತ್ತದೆ. ಆ ಬದಲಾವಣೆಗೆ ಕಿವಿಗೊಡಿ. ಒಂದು ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ಏರಿಸಲು 70 ಕ್ಯಾಲರಿ ಶಾಖ ಸಾಕು. ಅದನ್ನೇ ಆವಿಯಾಗಿಸಲು ಮತ್ತೆ 540 ಕ್ಯಾಲರಿ ಬೇಕು. ಹೊರಮೈ ಒದ್ದೆಯಿರುವವರೆಗೆ ಉರಿಯ ಶಕ್ತಿಯೆಲ್ಲ ಇದಕ್ಕೇ ಖರ್ಚು. ಒಣಗಿದ ಮೇಲೆ ಉಷ್ಣತೆ 140 ಡಿಗ್ರಿಯತ್ತ ಜಿಗಿಯುತ್ತದೆ, ಅಮೈನೋ ಆಮ್ಲಗಳೂ ಸಕ್ಕರೆಗಳೂ ವೇಗವಾಗಿ ವರ್ತಿಸಿ ಕಂದುಬಣ್ಣವನ್ನೂ ನೂರಾರು ಬಗೆಯ ಪರಿಮಳದ ಅಣುಗಳನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಾಮಿಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಅಡುಗೆಮನೆಯಲ್ಲಿ ಇದಕ್ಕಿಂತ ಚೆಂದದ ರಸಾಯನಶಾಸ್ತ್ರ ಇಲ್ಲವೆಂದೇ ನನ್ನ ನಂಬಿಕೆ.

ಸಾಸೇಜ್ ತೆಗೆದಿಟ್ಟು ಅದೇ ಕೊಬ್ಬಿಗೆ ಉದ್ದುದ್ದ ಸೀಳಿದ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹಾಕಿ. ಈರುಳ್ಳಿ ಬಿಡುವ ರಸಕ್ಕೆ ತಳ ಹಿಡಿದ ಕಂದು ಪದರ ಕರಗಿ ತರಕಾರಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ತೊಳೆದು ಚೆಲ್ಲುವುದು ರುಚಿಯನ್ನೇ ಚೆಲ್ಲಿದಂತೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರು. ಬಾಣಲೆ ತುಂಬಿ ತುಳುಕಿದರೆ ಆವಿ ಹೊರಹೋಗಲಾರದೆ ಎಲ್ಲವೂ ಬೇಯುತ್ತದೆ. ಉಪ್ಪು ಜೀವಕೋಶಗಳಿಂದ ನೀರನ್ನು ಸೆಳೆಯುವುದರಿಂದ ಅದನ್ನು ಕೊನೆಗೆ ಹಾಕಿ. ಕೆಂಪು ಕಾಯಿ ಬಳಸಿದ್ದರೆ ಕೊಬ್ಬು ಕೇಸರಿ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಅದು ಕ್ಯಾಪ್ಸ್ಯಾಂತಿನ್, ನೀರಿನಲ್ಲಿ ಕರಗದ, ಕೊಬ್ಬಿನಲ್ಲಿ ಕರಗುವ ವರ್ಣದ್ರವ್ಯ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಯ ಎಣ್ಣೆಯನ್ನು ಕೆಂಪಾಗಿಸುವುದೂ ಇದರಿಂದಲೇ. ಎರಡೂ ಒಂದೇ ಪ್ರಭೇದದ ಗಿಡಗಳು. ದೊಣ್ಣೆ ಮೆಣಸಿನಕಾಯಿಯಲ್ಲಿ ಖಾರದ ಕ್ಯಾಪ್ಸೈಸಿನ್ ತಯಾರಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಬ್ರೆಡ್ ಒಂದು ದಿನ ಹಳೆಯದಾದರೂ ಚಿಂತೆಯಿಲ್ಲ. ಗಟ್ಟಿಯಾಗಲು ಮುಖ್ಯ ಕಾರಣ ಪಿಷ್ಟದ ಅಣುಗಳು ಮತ್ತೆ ಹರಳುಗಟ್ಟುವುದು. 60 ಡಿಗ್ರಿ ದಾಟಿಸಿ ಬಿಸಿಮಾಡಿದರೆ ಆ ಹರಳು ಸಡಿಲಗೊಂಡು ಬ್ರೆಡ್ ಮೆತ್ತಗಾಗುತ್ತದೆ. ಸೀಳಿದ ಒಳಮೈಯನ್ನು ಕೊಬ್ಬು ಸವರಿದ ಕಾವಲಿಗೆ ಒತ್ತಿ ಕೆಂಪಗೆ ಸುಡಿ. ಕೊಬ್ಬು ಹೀರಿ ಗರಿಯಾದ ಆ ತೆಳು ಪದರ ರಸ ಇಳಿಯುವುದನ್ನು ತಡೆಹಿಡಿಯುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಬುತ್ತಿ ಕಟ್ಟುವುದಾದರೆ ತುಂಬಿದ ಸ್ಯಾಂಡ್‌ವಿಚ್ಚನ್ನು ಬಿಸಿಬಿಸಿಯಾಗಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಡಿ, ಒಳಗಿನ ಆವಿ ಹಾಳೆಗೆ ತಾಗಿ ನೀರಾಗಿ ಬ್ರೆಡ್ಡಿಗೇ ಇಳಿಯುತ್ತದೆ. ಬ್ರೆಡ್ ಬೇರೆ, ಹುರಿದದ್ದು ಬೇರೆ ಒಯ್ದು, ಎರಡು ಗಂಟೆಯೊಳಗೆ ಬಿಸಿಮಾಡಿ ಅಲ್ಲೇ ತುಂಬಿಕೊಳ್ಳಿ.