ಅರೆಕಾ ಪಾಮ್ ತುದಿ ಒಣಗುತ್ತಿದೆ, ಇನ್ನೂ ನೀರು ಹಾಕಬೇಕಾ?

ಪ್ರಶ್ನೆ: ನಾವು ರಾಯಚೂರಿನವರು. ನರ್ಸರಿಯಿಂದ ತಂದ ಅರೆಕಾ ಪಾಮ್ ಹಾಲ್‌ನಲ್ಲಿ ಇಟ್ಟಿದ್ದೇವೆ. ದಿನಾ ತಪ್ಪದೆ ನೀರು ಹಾಕುತ್ತೇವೆ. ಆದರೂ ಎಲೆ ತುದಿ ಕಂದಾಗಿ ಒಣಗುತ್ತಿದೆ, ಕೆಳಗಿನ ಗರಿಗಳು ಹಳದಿಯಾಗಿವೆ. ಗಿಡ ಉಳಿಯುತ್ತಾ?

ಉತ್ತರ: ನಡುವಿನ ಸುಳಿ ಹಸಿರಾಗಿ, ಗಟ್ಟಿಯಾಗಿದ್ದರೆ ಉಳಿಯುತ್ತದೆ. ಆದರೆ ಆ ‘ದಿನಾ ತಪ್ಪದೆ’ ಇವತ್ತಿಗೇ ನಿಲ್ಲಲಿ. ನಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ, ತುದಿ ಒಣಗಿದ್ದು ಕಂಡ ಕೂಡಲೇ ಚೊಂಬು ಹಿಡಿದು ಓಡುತ್ತೇವೆ. ಬೇರು ಸದಾ ಒದ್ದೆಯಲ್ಲಿದ್ದರೆ ಉಸಿರಾಟ ಇಲ್ಲದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ಮಣ್ಣು ಹಸಿ ಇದ್ದರೂ ಗರಿ ಬಾಡುತ್ತದೆ.

ಬೆರಳನ್ನು ಮಣ್ಣಿನೊಳಗೆ 2 ಇಂಚು ಇಳಿಸಿ. ತಂಪಾಗಿ ಅಂಟಿದರೆ ನೀರು ಬೇಡ, ಒಣಗಿದ್ದರೆ ಮಾತ್ರ ಹಾಕಿ. ತಳದ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಚೆಂದದ ಸೆರಾಮಿಕ್ ಕುಂಡವಾದರೆ ತೂತು ಇದೆಯೇ ಅಂತ ಮೊದಲು ನೋಡಿ; ಎಷ್ಟೋ ಕುಂಡಗಳಿಗೆ ಇರುವುದೇ ಇಲ್ಲ.

ಇನ್ನು ಬೋರ್ ನೀರು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ? ಅದು ಉಪ್ಪು. ರಾಯಚೂರು, ಕೊಪ್ಪಳ ಕಡೆಯ ಎಷ್ಟೋ ಬೋರ್‌ಗಳ ನೀರು ಗಡಸು, ಕೆಲವು ಕಡೆ ಫ್ಲೋರೈಡ್ ಕೂಡ ಜಾಸ್ತಿ. ಗಿಡ ನೀರು ಎಳೆದಾಗ ಇವೂ ಜೊತೆಗೆ ಏರಿ ಎಲೆಯ ತುದಿಯಲ್ಲಿ ಸೇರಿಕೊಳ್ಳುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ತುದಿ ಸುಡುತ್ತದೆ. ರಾತ್ರಿಯಿಡೀ ಬಕೆಟ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಇಟ್ಟರೆ ಕ್ಲೋರಿನ್ ಹೋದೀತು, ಉಪ್ಪು ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತದೆ. ಮಳೆ ನೀರು ಸಿಕ್ಕರೆ ಅದೇ ಒಳ್ಳೆಯದು, ಇಲ್ಲವಾದರೆ ಕುಡಿಯುವ ಕ್ಯಾನ್‌ನ ಫಿಲ್ಟರ್ ನೀರು. ಫಿಲ್ಟರ್‌ನಿಂದ ಹೊರಹೋಗುವ ವೇಸ್ಟ್ ನೀರನ್ನು ಮಾತ್ರ ಪಾಮ್‌ಗೆ ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಒಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು ಸೋರಿಹೋಗಲು ಬಿಟ್ಟರೆ ಹಳೇ ಉಪ್ಪು ತೊಳೆದುಹೋಗುತ್ತದೆ.

ಕುಂಡದಲ್ಲಿ ಬರೀ ಎರೆ ಮಣ್ಣು ತುಂಬಿದ್ದರೆ ಅದನ್ನು ಬದಲಿಸಲೇಬೇಕು. ಹಸಿಯಾದಾಗ ಮುದ್ದೆ, ಒಣಗಿದಾಗ ಬಿರುಕು, ಬೇರಿಗೆ ಎರಡೂ ಕಷ್ಟ. ಮಸಾರಿ ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಜೊತೆಗೆ ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಸೇರಿಸಿ. ಸಿಂಧನೂರು, ಗಂಗಾವತಿ ಕಡೆ ರೈಸ್ ಮಿಲ್‌ಗೇನು ಬರವೇ! ಬೆಳ್ಳಗಿನ ಬೂದಿ ಬೇಡ, ಅದು ಕ್ಷಾರ. ಈ ಕೆಲಸ ಮಳೆಗಾಲಕ್ಕಿರಲಿ. ಏಪ್ರಿಲ್, ಮೇ ಬಿಸಿಯಲ್ಲಿ ಬೇರು ಕೆದಕಬಾರದು. ಈಗಲೇ ಕೊಳೆತ ವಾಸನೆ ಬರುತ್ತಿದ್ದರೆ ಮಾತ್ರ ಕಾಯಬೇಡಿ.

ಅರೆಕಾ ಮಡಗಾಸ್ಕರ್‌ನ ಗಿಡ. ಬೆಳಕು ಬೇಕು, ಸುಡುವ ಬಿಸಿಲು ಬೇಡ. ಪೂರ್ವದ ಕಿಟಕಿ ಹತ್ತಿರ ಇಡಿ, ಕೂಲರ್ ಗಾಳಿ ನೇರ ಹೊಡೆಯದಿರಲಿ. ಒಣ ಹವೆಗೆ ನುಸಿ ಬರುತ್ತದೆ. ಗರಿಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ, ಉದುರಿದ ಚುಕ್ಕೆಗಳು ನಡೆದಾಡಿದರೆ ಅವೇ. ಒದ್ದೆ ಬಟ್ಟೆಯಿಂದ ಎಲೆಯ ಅಡಿ ಒರೆಸುತ್ತಾ ಬನ್ನಿ.

ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಕತ್ತರಿಸಬಹುದು, ಹಸಿರಿಗೆ ತಾಕದಂತೆ ಕಂದು ಅಂಚು ಸ್ವಲ್ಪ ಬಿಡಿ. ಸುಳಿ ಮುಟ್ಟಬೇಡಿ, ಅದು ಹೋದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ. ಗೊಬ್ಬರಕ್ಕೆ ಈಗ ಅವಸರ ಬೇಡ, ಹೊಸ ಗರಿ ಚೆನ್ನಾಗಿ ಬಿಚ್ಚಿದ ಮೇಲೆ ಕೊಡಿ.